ಹಳೆ ಟೈಲ್ಸ್ ಮೇಲೆ ಟೈಲ್ಸ್ ವಿನ್ಯಾಸದ ಶೀಟ್: ಅಂಟಿಸುವ ಮೊದಲು ತೇವದ ಮೂಲ ಹುಡುಕಿ

ಪ್ರಶ್ನೆ: ಶಿವಮೊಗ್ಗದಲ್ಲಿ 2002ರಲ್ಲಿ ಕಟ್ಟಿದ ಮನೆ ನಮ್ಮದು. ಮಹಡಿಯ ಬಚ್ಚಲು 7 ಅಡಿ ಉದ್ದ, 5 ಅಡಿ ಅಗಲ. ಗೋಡೆಗೆ 5 ಅಡಿ ಎತ್ತರದವರೆಗೆ ಬಿಳಿ ಟೈಲ್ಸ್, ಅದರ ಮೇಲೆ ಬಣ್ಣ. ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ, ಕೆಲವು ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು. ಪಕ್ಕದ ಮಲಗುವ ಕೋಣೆಯಲ್ಲಿ ಬೀರು ಸರಿಸಿ ನೋಡಿದರೆ ಗೋಡೆ ನೆಲದಿಂದ ಒಂದೂವರೆ ಅಡಿವರೆಗೆ ಒದ್ದೆ. ಬೇಸಿಗೆಯಲ್ಲೂ ಆರುವುದಿಲ್ಲ. ಟೈಲ್ಸ್ ಒಡೆಸೋಣವೆಂದರೆ ಮನೆಯಲ್ಲಿ ಉಬ್ಬಸ ಇರುವ ಅತ್ತೆಯವರಿದ್ದಾರೆ, ಧೂಳು ಆಗದು. ಟೈಲ್ಸ್‌ನಂತೆಯೇ ಕಾಣುವ ವಾಟರ್‌ಪ್ರೂಫ್ ಶೀಟ್ ಇದೆ, ಹಳೆಯದರ ಮೇಲೇ ಅಂಟಿಸಿದರೆ ತೇವವೂ ನಿಲ್ಲುತ್ತದೆ, ಒಂದೇ ದಿನದ ಕೆಲಸ ಎನ್ನುತ್ತಾರೆ ಅಂಗಡಿಯವರು. ನಿಜವೇ? ಎಷ್ಟು ಶೀಟ್ ಬೇಕು? ನಾವೇ ಹಾಕಿಕೊಳ್ಳಬಹುದೇ?

ಉತ್ತರ: ಅಂಟಿಸಬಹುದು. ತೇವ ನಿಲ್ಲುವುದಿಲ್ಲ. ಒಂದು ದಿನದಲ್ಲಿ ಮುಗಿಯುವುದೂ ಇಲ್ಲ.

ಶೀಟ್ ತಡೆಯುವುದು ಎದುರಿನಿಂದ ಬೀಳುವ ನೀರನ್ನು ಮಾತ್ರ. ನಿಮ್ಮ ಗೋಡೆಯ ತೇವ ನೆಲದಿಂದ ಒಂದೂವರೆ ಅಡಿಯಷ್ಟೇ ಎತ್ತರದಲ್ಲಿದೆ, ಬೇಸಿಗೆಯಲ್ಲೂ ಇದೆ. ಮಳೆ ಹೊಡೆಯುವ ಪಡುವಣ ಗೋಡೆಯ ತೇವವಾಗಿದ್ದರೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಆರಬೇಕಿತ್ತು. ಸ್ನಾನದ ನೀರು ಗೋಡೆಯ ಮೂಲಕ ಇಳಿಯುತ್ತಿದ್ದರೆ ಕಲೆ ಇನ್ನೂ ಎತ್ತರದಿಂದ ಶುರುವಾಗಬೇಕಿತ್ತು. ಉಳಿಯುವುದು ಮೂರು ಅನುಮಾನ: ನೆಲ ಮತ್ತು ಗೋಡೆ ಕೂಡುವ ಮೂಲೆ, ನೀರು ಹೋಗುವ ನಹಾನಿ ಟ್ರ್ಯಾಪಿನ ಸುತ್ತ, ಗೋಡೆಯೊಳಗಿನ ಪೈಪು. ಈ ಮೂರಕ್ಕೂ ಶೀಟ್ ಮದ್ದಲ್ಲ. ಹಾಗೇ ಅಂಟಿಸಿದರೆ ಇನ್ನೊಂದು ತೊಂದರೆ ಇದೆ. ಈಗ ಒಡೆದ ಗ್ರೌಟಿನಿಂದಲೋ (ಟೈಲ್ಸ್ ನಡುವಿನ ಸಂದು ತುಂಬಿದ ಪುಡಿಗಾರೆ) ಬಣ್ಣದ ಭಾಗದಿಂದಲೋ ಒಂದಿಷ್ಟು ತೇವ ಬಚ್ಚಲಿನ ಕಡೆಗೂ ಆವಿಯಾಗುತ್ತಿದೆ. ಆ ದಾರಿ ಮುಚ್ಚಿದ ಮೇಲೆ ಅದೂ ನಿಮ್ಮ ಬೀರುವಿನ ಕಡೆಗೇ ತಿರುಗುತ್ತದೆ. ಬಚ್ಚಲು ಹೊಸದಾಗಿ ಹೊಳೆಯುತ್ತಿರುತ್ತದೆ, ಮಲಗುವ ಕೋಣೆ ಮೊದಲಿಗಿಂತ ಹದಗೆಟ್ಟಿರುತ್ತದೆ.

ಆದ್ದರಿಂದ ಶೀಟ್ ಆರಿಸುವ ಮೊದಲು ಒಂದೆರಡು ವಾರ ಪರೀಕ್ಷೆಗೆ ಕೊಡಿ. ಇದಕ್ಕೆ ಹೆಚ್ಚು ಖರ್ಚಿಲ್ಲ.

ಮಲಗುವ ಕೋಣೆಯ ಒದ್ದೆ ಕಲೆಯ ಅಂಚಿನ ಮೇಲೆ ಪೆನ್ಸಿಲ್‌ನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಮೊದಲ ನಾಲ್ಕು ದಿನ ಆ ಬಚ್ಚಲಿನಲ್ಲಿ ಒಂದು ಚೊಂಬು ನೀರನ್ನೂ ಸುರಿಯಬೇಡಿ, ಆದರೆ ಟ್ಯಾಂಕಿನಿಂದ ಬರುವ ವಾಲ್ವ್ ತೆರೆದೇ ಇರಲಿ. ಕಲೆ ಕುಗ್ಗದೆ ಹಾಗೇ ನಿಂತರೆ ಅಥವಾ ಬೆಳೆದರೆ ಪೈಪಿನ ಮೇಲೆ ಅನುಮಾನ. ಮುಂದಿನ ನಾಲ್ಕು ದಿನ ಆ ವಾಲ್ವನ್ನೂ ಮುಚ್ಚಿ. ಆಗ ಕಲೆಯ ಅಂಚು ಒಣಗಿ ಬಣ್ಣ ತಿಳಿಯಾಗತೊಡಗಿದರೆ ಅನುಮಾನ ಹೆಚ್ಚುಕಮ್ಮಿ ಖಚಿತ. ಗೋಡೆ ನಿಧಾನಕ್ಕೆ ಆರುವ ವಸ್ತು, ಹಾಗಾಗಿ ಪೂರ್ತಿ ಒಣಗಲಿ ಎಂದು ಕಾಯಬೇಡಿ. ಗೆರೆಯ ಹತ್ತಿರದ ಬದಲಾವಣೆ ನೋಡಿ. ಅನುಮಾನವನ್ನು ಪಕ್ಕಾ ಮಾಡಿಕೊಳ್ಳಲು ಪ್ಲಂಬರ್ ಕರೆಸಿ ಕೈಪಂಪಿನಿಂದ ಪೈಪಿಗೆ ಒತ್ತಡ ಹಾಕಿಸಿ, ಒತ್ತಡದ ಮೀಟರಿನ ಮುಳ್ಳು ಇಳಿಯುತ್ತದೆಯೇ ನೋಡಿ. ಆ ಕಾಲದ ಮನೆಯಲ್ಲಿ ಗೋಡೆಯೊಳಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇದ್ದರೆ, ಪರೀಕ್ಷೆಯಲ್ಲಿ ಪಾಸಾದರೂ ಅದನ್ನು ಸಿಪಿವಿಸಿಗೆ (ಬಿಸಿನೀರು ತಾಳುವ ಪ್ಲಾಸ್ಟಿಕ್ ಪೈಪ್) ಬದಲಿಸಿಯೇ ಮುಂದುವರಿಯುವುದು ಒಳ್ಳೆಯದು. ತುಕ್ಕು ಹಿಡಿಯುತ್ತಿರುವ ಪೈಪಿನ ಮೇಲೆ ಹೊಸ ಗೋಡೆ ಕೂರಿಸಿದರೆ ಮುಂದೊಂದು ದಿನ ಶೀಟನ್ನೇ ಕೊಯ್ಯಬೇಕಾಗುತ್ತದೆ.

ಪೈಪ್ ಸರಿಯಿದೆ ಎಂದಾದರೆ ನೆಲದ ಪರೀಕ್ಷೆ. ಟ್ರ್ಯಾಪಿನ ಬಾಯಿಗೆ ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಚೀಲ ತುರುಕಿ, ಬಾಗಿಲಿಗೆ ಜೇಡಿಮಣ್ಣಿನದೋ ಸಿಮೆಂಟಿನದೋ ಸಣ್ಣ ಕಟ್ಟೆ ಕಟ್ಟಿ, ಎರಡಿಂಚು ನೀರು ನಿಲ್ಲಿಸಿ. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗುರುತು ಹಾಕಿ 48 ಗಂಟೆ ಬಿಡಿ. ಪೆನ್ಸಿಲ್ ಗೆರೆ ದಾಟಿ ತೇವ ಬಂತೋ, ಕೆಳಮನೆಯ ಸೂರಿನಲ್ಲಿ ಕಲೆ ಮೂಡಿತೋ, ನೆಲವೇ ಕಳ್ಳ.

ನೆಲ ಸೋರುತ್ತಿದ್ದರೆ ಒಮ್ಮೆಲೇ ಒಡೆಯಬೇಕಿಲ್ಲ. ಮೊದಲು ನೆಲದ ಟೈಲ್ಸ್ ನಡುವಿನ ಹಳೆ ಗ್ರೌಟನ್ನು, ನೆಲ ಮತ್ತು ಗೋಡೆಯ ಮೂಲೆಯನ್ನು, ಟ್ರ್ಯಾಪಿನ ಸುತ್ತಲಿನ ಸಂದನ್ನು ಕನಿಷ್ಠ 3 ಮಿ.ಮೀ. ಆಳಕ್ಕೆ ಕೆರೆಸಿ, ಚೆನ್ನಾಗಿ ಒಣಗಿಸಿ, ಎಪಾಕ್ಸಿ ಗ್ರೌಟ್ ತುಂಬಿಸಿ. ಮತ್ತೆ ನೀರು ನಿಲ್ಲಿಸಿ ನೋಡಿ. ಅದರಿಂದಲೂ ಸೋರಿಕೆ ನಿಲ್ಲದಿದ್ದರೆ ನೆಲ ಮತ್ತು ಗೋಡೆಯ ಅಡಿಯ ಎರಡು ಸಾಲು ಟೈಲ್ಸ್ ತೆಗೆಸುವುದು ಅನಿವಾರ್ಯ. ಸಿಮೆಂಟಿನ ಜೊತೆ ಕಲಸಿ ಹಚ್ಚುವ ಎರಡು ಭಾಗದ ವಾಟರ್‌ಪ್ರೂಫ್ ಲೇಪವನ್ನು ಎರಡು ಕೋಟ್ ಹಚ್ಚಿ, ಮೂಲೆಗಳಿಗೆ ಫೈಬರ್ ಜಾಲರಿ ಕೂರಿಸಿ, ಗೋಡೆ ಮೇಲೆ ಒಂದಡಿ ಹತ್ತಿಸಿ, ಮತ್ತೊಮ್ಮೆ ನೀರು ನಿಲ್ಲಿಸಿ ಪರೀಕ್ಷಿಸಿದ ಮೇಲೆಯೇ ಹೊಸ ಟೈಲ್ಸ್. ಧೂಳಿನ ಕೆಲಸ ಒಂದೆರಡು ದಿನ. ಆ ಎರಡು ದಿನ ಅತ್ತೆಯವರನ್ನು ನೆಂಟರ ಮನೆಗೆ ಕಳಿಸುವುದು ಬಹುಶಃ ಈ ಇಡೀ ಕೆಲಸದ ಅತ್ಯಂತ ಅಗ್ಗದ ಪರಿಹಾರ.

ಇಷ್ಟಾದ ಮೇಲೆ ಗೋಡೆಗೆ ಬರೋಣ.

ಯಾವ ಶೀಟ್

ಅಂಗಡಿಯಲ್ಲಿ ಎಲ್ಲಕ್ಕೂ ವಾಟರ್‌ಪ್ರೂಫ್ ಎಂದೇ ಹೆಸರು. ಸೂರಿಗೆ ಹಾಕುವ 10 ಇಂಚು ಅಗಲದ, ಒಳಗೆ ಪೊಳ್ಳು ಕೊಳವೆಗಳಿರುವ ಪಿವಿಸಿ ಪಟ್ಟಿಯನ್ನು ಸ್ನಾನದ ಗೋಡೆಗೆ ಹಾಕಿಸಬೇಡಿ. ಪ್ಲಾಸ್ಟಿಕ್ಕಿಗೆ ನೀರಿನಿಂದ ಏನೂ ಆಗದು, ನಿಜ. ಆದರೆ ಪಟ್ಟಿ ಪಟ್ಟಿಯ ಸಂದಿನಿಂದ ಹೊಕ್ಕ ನೀರು ಆ ಕೊಳವೆಗಳಲ್ಲಿ ನಿಂತು ವಾಸನೆ ಹಿಡಿಯುತ್ತದೆ, ಜಿರಲೆಗೂ ಮನೆಯಾಗುತ್ತದೆ. ಅದು ಸೂರಿಗಷ್ಟೇ ಸರಿ. ಸಾಲುಸಾಲು ತೋಡು ಇರುವ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಪಟ್ಟಿ ಟಿವಿ ಗೋಡೆಗೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಥವಾ ಸಾಧಾರಣ ಪ್ಲೈವುಡ್ ತಿರುಳಿನದ್ದಂತೂ ಮಲೆನಾಡಿನ ಬಚ್ಚಲಿನ ಹತ್ತಿರವೂ ಬೇಡ. ನೀರು ಬಿಟ್ಟರೂ ಗೆದ್ದಲು ಬಿಡುವುದಿಲ್ಲ.

ನಿಮಗೆ ಬೇಕಿರುವುದು ಗಟ್ಟಿ ತಿರುಳಿನ 4 × 8 ಅಡಿಯ ಶೀಟ್. ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿ ಬೆರೆಸಿ ಮಾಡಿದ್ದು. ಪಿವಿಸಿ ಮಾರ್ಬಲ್ ಶೀಟ್, ಯುವಿ ಶೀಟ್, ಎಸ್‌ಪಿಸಿ ಎಂದೆಲ್ಲ ಕರೆಯುವುದು ಇದೇ ಮನೆತನವನ್ನು. ಸಾಮಾನ್ಯವಾಗಿ ಸಿಗುವುದು 3 ಮಿ.ಮೀ. ದಪ್ಪ. ಹಳೆ ಟೈಲ್ಸ್ ಮೇಲೆ ಹಾಕುವುದಾದರೆ 4 ಮಿ.ಮೀ. ಅಥವಾ ಹೆಚ್ಚಿನದನ್ನು ಕೇಳಿ. ತೆಳು ಶೀಟ್ ಅಡಿಯ ಉಬ್ಬುತಗ್ಗನ್ನೆಲ್ಲ ಹೊಳಪಿನಲ್ಲಿ ತೋರಿಸಿಬಿಡುತ್ತದೆ, ಅಂಟು ಇಲ್ಲದ ಕಡೆ ಬೆರಳಿಟ್ಟರೆ ಡಬ್ ಡಬ್ ಎನ್ನುತ್ತದೆ. ಕೊಳ್ಳುವ ಮೊದಲು ಒಂದು ತುಂಡು ಕೇಳಿ ತಂದು ಬಕೆಟ್ ನೀರಿನಲ್ಲಿ ಮೂರು ದಿನ ಮುಳುಗಿಸಿಡಿ. ಅಂಚು ಊದಬಾರದು, ಚಿತ್ರದ ಪದರ ಉಗುರಿಗೆ ಏಳಬಾರದು. ಎರಡರಲ್ಲಿ ಒಂದಾದರೂ ಆ ಮಾಲು ಬೇಡ.

ಬಿಸಿಯ ಬಗ್ಗೆ ಎಚ್ಚರ. ಪಿವಿಸಿ 75ರಿಂದ 80 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಮೆತ್ತಗಾಗುತ್ತದೆ. ಸ್ನಾನದ ನೀರಿನಿಂದ ಭಯವಿಲ್ಲ, ಆದರೆ ಗೀಸರಿನ ಬಿಸಿನೀರಿನ ಪೈಪ್ ಶೀಟಿಗೆ ತಾಗಿಕೊಂಡಿರಬಾರದು. ಹಂಡೆ ಒಲೆ ಇರುವ ಬಚ್ಚಲಿಗೆ ಈ ಶೀಟ್ ಸಲ್ಲದು, ಒಲೆಯ ಗೋಡೆ ಬಿಟ್ಟು ಬೇರೆ ಗೋಡೆಗೆ ಎಂದರೂ ಸಲ್ಲದು: ಪಿವಿಸಿ ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ಗ್ಯಾಸ್ ಗೀಸರ್ ಇದ್ದರೆ ಈ ನೆಪದಲ್ಲಾದರೂ ಅದನ್ನು ಬಚ್ಚಲಿನಿಂದ ಹೊರಗೆ ಹಾಕಿಸಿ. ಶೀಟಿನ ಮಾತು ಬಿಡಿ, ಮುಚ್ಚಿದ ಬಚ್ಚಲಿನಲ್ಲಿ ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಜೀವಕ್ಕೇ ಅಪಾಯ.

ಎಷ್ಟು ಬೇಕು

ನೆಲದಿಂದ 4 ಇಂಚು ಬಿಟ್ಟು (ಏಕೆಂದು ಮುಂದೆ ಹೇಳಿದೆ) ಪೂರ್ತಿ 8 ಅಡಿಯ ಶೀಟನ್ನು ನಿಲ್ಲಿಸಿದರೆ ಅದು 8 ಅಡಿ 4 ಇಂಚಿಗೆ ಮುಗಿಯುತ್ತದೆ. ಅಲ್ಲಿಗೆ ಸರಿಯಾಗಿ ಪಿವಿಸಿ ಸೂರು ಬಂದರೆ ಚೆಂದ. ಬಾಗಿಲು 5 ಅಡಿ ಗೋಡೆಯ ಒಂದು ತುದಿಯಲ್ಲಿ, ಚೌಕಟ್ಟು ಸೇರಿ ಎರಡೂವರೆ ಅಡಿ ಅಗಲ, 7 ಅಡಿ ಎತ್ತರ ಎಂದಿಟ್ಟುಕೊಳ್ಳೋಣ. ಬಾಗಿಲ ಎದುರಿನ ಗೋಡೆಗೆ 4 ಮತ್ತು 1 ಅಡಿ ಅಗಲದ ತುಂಡು, ಪಕ್ಕದ ಎರಡು ಗೋಡೆಗೆ 4 ಮತ್ತು 3, ಬಾಗಿಲ ಗೋಡೆಗೆ ಎರಡೂವರೆ. ಪೂರ್ತಿ ಶೀಟ್ ಮೂರು. ಒಂದು ಶೀಟ್ ಸೀಳಿದರೆ 3 ಮತ್ತು 1 ಸಿಗುತ್ತದೆ. ಇನ್ನೊಂದರಿಂದ ಎರಡನೇ 3. ಮತ್ತೊಂದರಿಂದ ಎರಡೂವರೆ, ಅದರಲ್ಲಿ ಉಳಿದ ಒಂದೂವರೆ ಅಡಿಯ ಪಟ್ಟಿಯನ್ನು ಅಡ್ಡ ಮಲಗಿಸಿದರೆ ಬಾಗಿಲ ಮೇಲಿನ ಜಾಗ ಮುಚ್ಚುತ್ತದೆ. ಒಟ್ಟು ಆರು. ಏಳು ತನ್ನಿ. ಚೌಕ ಟೈಲ್ಸ್ ವಿನ್ಯಾಸವಾದರೆ ಪಟ್ಟಿಯನ್ನು ಅಡ್ಡ ತಿರುಗಿಸಬಹುದು. ಉದ್ದ ಟೈಲ್ಸ್ ವಿನ್ಯಾಸವಾದರೆ ತಿರುಗಿಸಲಾಗದು, ಏಳನೆಯದು ಅಲ್ಲೇ ಬೇಕಾಗುತ್ತದೆ. ತಪ್ಪು ತೂತು ಕೊರೆದರೂ ಅದೇ ಗತಿ. ಎಲ್ಲವೂ ಒಂದೇ ಬ್ಯಾಚಿನವಾಗಿರಲಿ, ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ.

ಟೈಲ್ಸ್ ವಿನ್ಯಾಸದ ಶೀಟಿನಲ್ಲಿ ಒಂದು ಸುಖ, ಒಂದು ಕಷ್ಟ. ಸುಖವೆಂದರೆ ಒಂದಡಿ ಚೌಕದ ವಿನ್ಯಾಸವಾದರೆ ಸೀಳುವುದನ್ನು ಗ್ರೌಟ್ ಗೆರೆಯ ಮೇಲೇ ಸೀಳಬಹುದು, ಶೀಟುಗಳು ಸೇರುವ ಜಾಗ ಇನ್ನೊಂದು ಗ್ರೌಟ್ ಗೆರೆಯಂತೆ ಕಂಡು ಮರೆಯಾಗುತ್ತದೆ. ಶೀಟಿನ ಅಂಚಿನಲ್ಲಿ ಗೆರೆ ಪೂರ್ತಿ ಇದೆಯೋ ಅರ್ಧವಿದೆಯೋ ಮೊದಲೇ ನೋಡಿಕೊಳ್ಳಿ. ಕಷ್ಟವೆಂದರೆ ಗೆರೆಗಳು ಗೋಡೆಯ ಸೊಟ್ಟವನ್ನು ಬಯಲಿಗೆಳೆಯುತ್ತವೆ. ಮಾರ್ಬಲ್ ವಿನ್ಯಾಸದಲ್ಲಿ ಕಾಲಿಂಚು ಓರೆ ಯಾರಿಗೂ ಕಾಣದು. ಟೈಲ್ಸ್ ವಿನ್ಯಾಸದಲ್ಲಿ ಮೂಲೆಯಲ್ಲಿ ಎರಡು ಗೋಡೆಯ ಅಡ್ಡಗೆರೆಗಳು 3 ಮಿ.ಮೀ. ತಪ್ಪಿದರೂ ದಿನಾ ಹಲ್ಲುಜ್ಜುವಾಗ ಕಣ್ಣು ಅಲ್ಲಿಗೇ ಹೋಗುತ್ತದೆ.

ಅಂಟಿನ ಲೆಕ್ಕ: 290 ಮಿ.ಲೀ. ಟ್ಯೂಬಿನಿಂದ 6 ಮಿ.ಮೀ. ದಪ್ಪದ ಎಳೆ ಸುಮಾರು 10 ಮೀಟರ್ ಬರುತ್ತದೆ. ಒಂದಡಿಗೊಂದು ಎಳೆ ಎಂದರೆ ಪ್ರತಿ ಶೀಟಿಗೆ ಐದು ಎಳೆ, 12 ಮೀಟರ್. ಆರು ಶೀಟಿಗೆ ಎಂಟು ಟ್ಯೂಬಾದರೂ ಬೇಕು. ಗೋಡೆ ಅಂಕುಡೊಂಕಾಗಿದ್ದರೆ ಎಳೆ ದಪ್ಪಗಾಗುತ್ತದೆ, ಹನ್ನೆರಡು ತಂದಿಟ್ಟುಕೊಳ್ಳಿ. ಸಂದು ಮುಚ್ಚುವ ಸಿಲಿಕೋನ್ ಐದು ಟ್ಯೂಬ್. ಮೂಲೆಗೆ 8 ಅಡಿಯ ಒಳಮೂಲೆ ಪಟ್ಟಿ ನಾಲ್ಕು, ಅಲ್ಯೂಮಿನಿಯಮ್ಮಿನದ್ದಾದರೆ ಒಳ್ಳೆಯದು. ಎರಡಿಂಚು ಅಗಲದ ಬ್ಯುಟೈಲ್ ಟೇಪ್ (ನೀರು ತಡೆಯುವ ಮೆತ್ತನೆ ಅಂಟುಪಟ್ಟಿ) ಒಂದು ಸುರುಳಿ.

ಗೋಡೆಯನ್ನು ಹದ ಮಾಡುವುದು

ಬೆರಳ ಗೆಣ್ಣಿನಿಂದಲೋ ಸ್ಕ್ರೂಡ್ರೈವರ್ ಹಿಡಿಯಿಂದಲೋ ಪ್ರತಿ ಟೈಲನ್ನೂ ಮೆಲ್ಲಗೆ ತಟ್ಟಿ, ಟೊಳ್ಳು ಸದ್ದಿನದಕ್ಕೆ ಮಾರ್ಕರ್‌ನಿಂದ ಗುಣಿಸು ಗುರುತು ಹಾಕುತ್ತಾ ಹೋಗಿ. ನಾಲ್ಕರಲ್ಲೊಂದಕ್ಕಿಂತ ಕಡಿಮೆ ಇದ್ದರೆ ಅಷ್ಟನ್ನು ಮಾತ್ರ ಚಾಣದಿಂದ ತೆಗೆದು ಗಾರೆ ತುಂಬಿಸಿ. ಅದಕ್ಕಿಂತ ಹೆಚ್ಚಿದ್ದರೆ ಆ ಗೋಡೆಯ ಟೈಲ್ಸ್ ಪೂರ್ತಿ ತೆಗೆಸುವುದೇ ಲೇಸು. ಶೀಟ್ ಟೈಲ್ಸಿಗೆ ಅಂಟಿಕೊಳ್ಳುತ್ತದೆ, ಟೈಲ್ಸ್ ಗೋಡೆಗೆ ಅಂಟಿಕೊಂಡಿರಬೇಕಲ್ಲ.

ನಿಮ್ಮ ಗೋಡೆಯಲ್ಲಿ 5 ಅಡಿ ಎತ್ತರಕ್ಕೆ ಒಂದು ಮೆಟ್ಟಿಲಿದೆ: ಟೈಲ್ಸ್ ಮುಂದೆ, ಬಣ್ಣದ ಗೋಡೆ ಅರ್ಧ ಮುಕ್ಕಾಲು ಇಂಚು ಹಿಂದೆ. ಅಂಗಡಿಯ ಒಂದು ದಿನದ ಲೆಕ್ಕದಲ್ಲಿ ಬಿಟ್ಟುಹೋಗಿರುವುದು ಇದೇ. ಮೇಲಿನ ಭಾಗದ ಬಣ್ಣ, ಪುಟ್ಟಿ ಎಲ್ಲವನ್ನೂ ಗಾರೆ ಕಾಣುವವರೆಗೆ ಕೆರೆಯಬೇಕು, ಇಲ್ಲದಿದ್ದರೆ ಶೀಟ್ ಪುಟ್ಟಿಯ ಸಮೇತ ಕೈಗೆ ಬರುತ್ತದೆ. ನೀರು ಚಿಮುಕಿಸಿಕೊಂಡು ಕೆರೆದರೆ ಧೂಳೂ ಏಳದು. ಆಮೇಲೆ ಟೈಲ್ಸ್ ಮಟ್ಟಕ್ಕೆ ಗಾರೆ ತುಂಬಿಸಿ, ಇಲ್ಲವೇ ತಕ್ಕ ದಪ್ಪದ ಸಿಮೆಂಟ್ ಫೈಬರ್ ಬೋರ್ಡನ್ನು ತುಕ್ಕು ಹಿಡಿಯದ ಸ್ಕ್ರೂ ಹಾಕಿ ಕೂರಿಸಿ. ಗಾರೆಯಾದರೆ ಆರಲು ಬಿಡಬೇಕು. ಆರಿದೆಯೇ ಎಂದು ನೋಡಲು ಒಂದೂವರೆ ಅಡಿ ಚೌಕದ ಪಾಲಿಥೀನ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಟ್ಟು ಬಿಚ್ಚಿ. ಒಳಮೈಯಲ್ಲಿ ಬೆವರಿದ್ದರೆ ಇನ್ನೂ ಕಾಯಿರಿ.

6 ಅಡಿಯ ಅಲ್ಯೂಮಿನಿಯಂ ಮಟ್ಟಗೋಲನ್ನು ಗೋಡೆಗೆ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿ. 3 ಮಿ.ಮೀ.ವರೆಗಿನ ತಗ್ಗನ್ನು ಅಂಟಿನ ಎಳೆ ತುಂಬಿಕೊಳ್ಳುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಗಾರೆಯಿಂದಲೇ ಸರಿಪಡಿಸಬೇಕು. ಟೈಲ್ಸ್ ಮೇಲಿನ ಸೋಪಿನ ಜಿಡ್ಡು, ಬೋರ್‌ವೆಲ್ ನೀರಿನ ಬಿಳಿ ಉಪ್ಪು ಪೂರ್ತಿ ಹೋಗಬೇಕು. ಆ್ಯಸಿಡ್ ಬಳಸಿದರೆ ಎರಡು ಮೂರು ಸಲ ನೀರು ಹಾಕಿ ತೊಳೆದು ಒಣಗಿಸಿ. 80 ನಂಬರಿನ ಉಪ್ಪುಕಾಗದದಿಂದ ಹೊಳಪು ಮಂಕಾಗುವಷ್ಟು ಉಜ್ಜಿ, ಕೊನೆಗೆ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ.

ಅಂಟು: ಯಾವುದು, ಹೇಗೆ

ಬಡಗಿಗಳು ರೂಢಿಯಿಂದ ಬಳಸುವ ರಬ್ಬರ್ ಅಂಟು ಇಲ್ಲಿಗೆ ಹೊಂದದು. ಎರಡೂ ಮೈಗೆ ಹಚ್ಚಿ ಒತ್ತಿದರೆ ಮತ್ತೆ ಸರಿಸಲು ಬರದು, ಗ್ರೌಟ್ ಗೆರೆ ಹೊಂದಿಸುವ ಕೆಲಸದಲ್ಲಿ ಅದು ದೊಡ್ಡ ತೊಡಕು. ಅದರ ಥಿನ್ನರ್ ಆವಿ ಕಿಟಕಿಯಿಲ್ಲದ ಬಚ್ಚಲಿನಲ್ಲಿ ತಲೆ ಸುತ್ತಿಸುತ್ತದೆ. ಉಬ್ಬಸದವರಿರುವ ಮನೆಗಂತೂ ಬೇಡ. ಎಂಎಸ್ ಪಾಲಿಮರ್ ಅಂಟು ಕೇಳಿ ತನ್ನಿ. ಬಿಗಿದ ಮೇಲೂ ರಬ್ಬರಿನಂತೆ ಕೊಂಚ ಎಳೆಯುತ್ತದೆ. ಈ ಎಳೆತ ಬೇಕು: ಗಟ್ಟಿ ಪಿವಿಸಿ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 0.06 ಮಿ.ಮೀ. ಹಿಗ್ಗುತ್ತದೆ. ಜನವರಿಯ ಬೆಳಗಿಗೂ ಏಪ್ರಿಲ್ ಮಧ್ಯಾಹ್ನಕ್ಕೂ 20 ಡಿಗ್ರಿ ಅಂತರವೆಂದರೆ 8 ಅಡಿಯ ಶೀಟ್ ಸುಮಾರು 3 ಮಿ.ಮೀ. ಬೆಳೆದು ಕುಗ್ಗುತ್ತದೆ. ಸಂದು ಬಿಡದೆ ಬಿಗಿಯಾಗಿ ತುರುಕಿದ ಶೀಟ್ ಬೇಸಿಗೆಯಲ್ಲಿ ನಡುವೆ ಹೊಟ್ಟೆ ಬಿಡುವುದು ಇದಕ್ಕೇ.

ಈ ಅಂಟು ಗಾಳಿಯಲ್ಲಿನ ತೇವಾಂಶ ಹೀರಿ ಬಿಗಿಯುತ್ತದೆ. ಹಿಂದೆ ಗಾಜಿನಂಥ ಟೈಲ್ಸ್, ಮುಂದೆ ಪ್ಲಾಸ್ಟಿಕ್: ಎರಡೂ ಗಾಳಿ ಬಿಡದ ಮೈ. ಕರಣೆಯಿಂದ ಇಡೀ ಶೀಟಿಗೆ ಬಳಿದರೆ ಅಂಚಿನ ಒಂದೆರಡಿಂಚು ಬಿಗಿದು ನಡುವೆ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ರೊಟ್ಟಿ ಹಿಟ್ಟಿನ ಉಂಡೆಯಂತೆ ಅಲ್ಲಲ್ಲಿ ಇಟ್ಟರೆ ಉಂಡೆಯ ನಡುವೆ ಹಸಿ, ಉಂಡೆ ಇಲ್ಲದ ಕಡೆ ಟೊಳ್ಳು. ಆದ್ದರಿಂದ ಮೇಲಿಂದ ಕೆಳಗೆ ನೆಟ್ಟಗಿನ ಎಳೆಗಳು, ಒಂದಡಿಗೊಂದು. ಎಳೆಗಳ ನಡುವಿನ ಓಣಿಯಲ್ಲಿ ಗಾಳಿಯಾಡುತ್ತದೆ. ಎಳೆಯನ್ನು ಎಂದೂ ಅಡ್ಡ ಹಾಕಬೇಡಿ. ಮುಂದೊಮ್ಮೆ ನೀರು ಒಳಹೊಕ್ಕರೆ ಅಡ್ಡ ಎಳೆಯ ಮೇಲೆ ನಿಲ್ಲುತ್ತದೆ. ಶವರಿನ ಗೋಡೆಗೆ ಎಳೆಗಳನ್ನು 8 ಇಂಚಿಗೊಂದರಂತೆ ಹತ್ತಿರ ಹಾಕಿ. ಎರಡು ಶೀಟ್ ಸೇರುವ ಕಡೆ ಸಂದಿನ ಎರಡೂ ಬದಿಗೆ ಒಂದೊಂದು ಎಳೆ, ನಡುವೆ ಗೋಡೆಗೆ ಬ್ಯುಟೈಲ್ ಟೇಪ್. ಮುಂದಿನ ಸಿಲಿಕೋನ್ ಕೈಕೊಟ್ಟರೂ ಹಿಂದೆ ಒಂದು ತಡೆ ಇರಲಿ.

ನಿಲ್ಲಿಸುವುದು

ಶೀಟುಗಳನ್ನು ಎರಡು ದಿನ ಮೊದಲೇ ತಂದು ಮನೆಯೊಳಗೆ ಸಮನೆಲದ ಮೇಲೆ ಮಲಗಿಸಿಡಿ. ಗೋಡೆಗೆ ಒರಗಿಸಿಟ್ಟರೆ ಬಾಗುತ್ತವೆ. ಗೀಸರ್, ನಲ್ಲಿ, ಟವೆಲ್ ಸರಳು, ಕನ್ನಡಿ ಎಲ್ಲವನ್ನೂ ಬಿಚ್ಚಿ. ಗೀಸರಿನ ಎಂಸಿಬಿ ಇಳಿಸಿರಿ.

ಮೊದಲ ಗೆರೆಯೇ ಇಡೀ ಕೆಲಸದ ತಳಹದಿ. ಬಚ್ಚಲಿನ ನೆಲ ಟ್ರ್ಯಾಪಿನ ಕಡೆ ಇಳಿದಿರುತ್ತದೆ, 7 ಅಡಿಗೆ ಒಂದಿಂಚಿನಷ್ಟು. ನೆಲವನ್ನು ನಂಬಿ ಅಳೆದರೆ ಗ್ರೌಟ್ ಗೆರೆಗಳೂ ಅಷ್ಟೇ ಇಳಿಯುತ್ತವೆ. ನೆಲ ಅತಿ ಎತ್ತರವಿರುವ ಮೂಲೆಯಿಂದ 4 ಇಂಚು ಮೇಲೆ ಗುರುತು ಹಾಕಿ, ಟ್ಯೂಬ್ ಲೆವೆಲ್ ಅಥವಾ ಲೇಸರ್‌ನಿಂದ ನಾಲ್ಕೂ ಗೋಡೆಗೆ ಅದೇ ಮಟ್ಟ ಒಯ್ಯಿರಿ. ಆ ಗೆರೆಗೆ ತಾಗಿಸಿ ತಾತ್ಕಾಲಿಕವಾಗಿ ಒಂದು ನೇರ ಪಟ್ಟಿ ಕೂರಿಸಿದರೆ ಶೀಟನ್ನು ಅದರ ಮೇಲೆ ನಿಲ್ಲಿಸಿಕೊಂಡೇ ಕೆಲಸ ಮಾಡಬಹುದು.

ಬಾಗಿಲ ಎದುರಿನ ಗೋಡೆಯಿಂದ ಶುರು ಮಾಡಿ, ಒಳಹೋದವರ ಕಣ್ಣು ಮೊದಲು ಬೀಳುವುದು ಅಲ್ಲಿಗೆ. ಒಂದಡಿಯ ಪಟ್ಟಿ ಶವರಿನಿಂದ ದೂರದ ಮೂಲೆಗೆ ಹೋಗಲಿ. ಶವರಿನ ನೇರ ಕೆಳಗೆ ಶೀಟ್ ಕೂಡುವ ಸಂದು ಬರಬಾರದು. ಮೂಲೆ ಗುಂಡಿಗೆ ಇಲ್ಲದಿದ್ದರೆ, ಅಂದರೆ ತೂಗುಗುಂಡು ಬಿಟ್ಟಾಗ ಮೇಲೆ ಒಂದು ಅಳತೆ ಕೆಳಗೆ ಇನ್ನೊಂದು ಬಂದರೆ, ಶೀಟಿನ ಮೂಲೆಯ ಅಂಚನ್ನು ಅಷ್ಟೇ ಓರೆಯಾಗಿ ಕತ್ತರಿಸಿ, ನಡುಗೆರೆಗಳು ನೆಟ್ಟಗೆ ಉಳಿಯಲಿ. ಅಂಟು ಹಾಕುವ ಮೊದಲು ಒಮ್ಮೆ ಒಣಗಾಗಿಯೇ ನಿಲ್ಲಿಸಿ ನೋಡಿ.

ತೆಳು ಶೀಟನ್ನು ಚೂಪಾದ ಕಟರಿನಿಂದ ಮೂರ್ನಾಲ್ಕು ಸಲ ಗೀರಿ ಮುರಿಯಬಹುದು. ದಪ್ಪದ್ದಕ್ಕೆ ಸಣ್ಣ ಹಲ್ಲಿನ ಜಿಗ್‌ಸಾ. ಕಟಿಂಗ್ ಮೆಷಿನ್ ವೇಗಕ್ಕೆ ಅಂಚು ಕರಗಿ ಗಂಟು ಕಟ್ಟುತ್ತದೆ. ಅರ್ಧ ಇಂಚಿನ ನಲ್ಲಿಯ ನಿಪ್ಪಲ್ (ನಲ್ಲಿ ಕೂರುವ ಗಿಡ್ಡ ಪೈಪ್ ತುಂಡು) 21 ಮಿ.ಮೀ.; ಅದಕ್ಕೆ 28 ಅಥವಾ 30 ಮಿ.ಮೀ. ಹೋಲ್‌ಸಾ (ಗುಂಡು ತೂತು ಕೊರೆಯುವ ಗರಗಸ) ಬಳಸಿ. ಸುತ್ತಲಿನ ಸಂದು ಸಿಲಿಕೋನಿಗೆ, ಮೇಲಿನ ಬಿಲ್ಲೆ ಅದನ್ನು ಮುಚ್ಚುತ್ತದೆ. ಗೋಡೆ ಈಗ 6ರಿಂದ 8 ಮಿ.ಮೀ. ದಪ್ಪಗಾಗಿರುವುದರಿಂದ ಹಳೆ ನಿಪ್ಪಲ್ ಒಳಸರಿದು ನಲ್ಲಿಗೆ ಎರಡೇ ಸುತ್ತು ಹಿಡಿಯುತ್ತದೆ. ಎಕ್ಸ್‌ಟೆನ್ಶನ್ ನಿಪ್ಪಲ್ ಮೊದಲೇ ತಂದಿಡಿ. ಗೋಡೆಯೊಳಗಿನ ಡೈವರ್ಟರ್ (ನೀರನ್ನು ನಲ್ಲಿಗೋ ಶವರಿಗೋ ತಿರುಗಿಸುವ ವಾಲ್ವ್) ಇದ್ದರೆ ಅದರ ಮುಖ ಈ ದಪ್ಪಕ್ಕೆ ಹೊರಬರುತ್ತದೆಯೇ ಎಂದು ಪ್ಲಂಬರನ್ನು ಕೇಳಿಯೇ ಶೀಟ್ ಕೊಯ್ಯಿರಿ.

ಅಂಟು ಹಾಕಿದ ಶೀಟನ್ನು ನಿಲ್ಲಿಸಲು ಇಬ್ಬರು ಬೇಕು. ಅಂಗೈಯಿಂದ ಎಳೆಗಳ ಮೇಲೆಲ್ಲ ಒತ್ತಿ, ಮಟ್ಟಗೋಲಿಟ್ಟು ನೋಡಿ. ಎದುರು ಗೋಡೆಯಿಂದ ರೀಪರ್ ತುಂಡುಗಳನ್ನು ಊರುಗೋಲಿನಂತೆ ಕೊಟ್ಟು ರಾತ್ರಿಯಿಡೀ ಬಿಡಿ. ಮೂಲೆಯಲ್ಲಿ, ಬಾಗಿಲ ಚೌಕಟ್ಟಿನಲ್ಲಿ, ಮೇಲೆ, ಎಲ್ಲ ಕಡೆ 3 ಮಿ.ಮೀ. ಸಂದು ಇರಲಿ. ಶೀಟ್ ಸೇರುವಲ್ಲಿ 2 ಮಿ.ಮೀ. ಸಾಕು.

ಅಡಿಯ ಅಂಚು

ವಿದೇಶದ ವಿಡಿಯೊಗಳಲ್ಲಿ ಶೀಟನ್ನು ಶವರ್ ತಟ್ಟೆಯ ಮೇಲೆ ನಿಲ್ಲಿಸಿ ಸಿಲಿಕೋನ್ ಎಳೆಯುತ್ತಾರೆ, ಅಲ್ಲಿ ಉಳಿದ ನೆಲ ಒಣ. ನಮ್ಮದು ಬಕೆಟ್ಟು ಚೊಂಬಿನ ಬಚ್ಚಲು. ನೆಲವೆಲ್ಲ ನೀರು, ನೀರು ಮೇಲಿಂದ ಬೀಳುವುದಷ್ಟೇ ಅಲ್ಲ, ನೆಲಕ್ಕೆ ಬಡಿದು ಮೇಲಕ್ಕೂ ಹಾರುತ್ತದೆ, ಪೊರಕೆಯೂ ದಿನಾ ಅಲ್ಲೇ ಉಜ್ಜುತ್ತದೆ. ಶೀಟ್ ನೆಲಕ್ಕೆ ತಾಗಿದ್ದರೆ ಅಡಿಯ ಸಿಲಿಕೋನ್ ವರ್ಷದೊಳಗೆ ಕಪ್ಪಾಗಿ ಎದ್ದುಬರುತ್ತದೆ. 4 ಇಂಚು ಬಿಡಲು ಹೇಳಿದ್ದು ಇದಕ್ಕೆ. ನೆಲದ ಮೇಲಿನ ಆ 4 ಇಂಚು ಟೈಲ್ಸ್ ಆಗಿಯೇ ಇರಲಿ, ಹಳೆಯದೋ, ನೆಲ ಬದಲಿಸಿದ್ದರೆ ನೆಲದ ಟೈಲ್ಸಿನದೇ ಹೊಸ ಪಟ್ಟಿಯೋ. ಇಳಿಜಾರಿನ ಕಡೆ ಅದು 5 ಇಂಚಾಗುತ್ತದೆ, ಕಣ್ಣಿಗೆ ಗೊತ್ತಾಗದು. ಶೀಟ್ ಆ ಟೈಲ್ಸಿನ ಮುಂದಕ್ಕೆ ಬಂದು ಮುಗಿಯಬೇಕು, ಹೆಂಚಿನ ಮೇಲೆ ಹೆಂಚು ಕೂತಂತೆ: ಮೇಲಿಂದ ಇಳಿದ ನೀರು ಶೀಟಿನ ತುದಿಯಿಂದ ಟೈಲ್ಸಿನ ಮುಖದ ಮೇಲೇ ಬೀಳಬೇಕು. ತುದಿಯ ಕೆಳಗೆ 5 ಮಿ.ಮೀ. ಸಿಲಿಕೋನ್ ಓರೆಯಾಗಿ ಎಳೆಯಿರಿ. ಒಳಹೊಕ್ಕ ನೀರು ಹೊರಬರಲೆಂದು ಅಲ್ಲಲ್ಲಿ ಕಿಂಡಿ ಬಿಡುವ ರೂಢಿ ಕೆಲವರಲ್ಲಿದೆ. ಚೊಂಬಿನ ನೀರು ಮೇಲಕ್ಕೆ ಹಾರುವ ಕಡೆ ನಾವು ಪೂರ್ತಿ ಮುಚ್ಚುವುದನ್ನೇ ಹೇಳುತ್ತೇವೆ. ಇರುವೆಯ ಕಾಟವೂ ತಪ್ಪುತ್ತದೆ.

ಸಿಲಿಕೋನ್ ಕೊಳ್ಳುವಾಗ ಬೂಷ್ಟು ನಿರೋಧಕ, ನ್ಯೂಟ್ರಲ್ ಎಂದು ಬರೆದಿರುವುದನ್ನು ನೋಡಿ. ವಿನೆಗರ್ ವಾಸನೆ ಬರುವ ಅಗ್ಗದ್ದು ಗಾರೆಗೆ ಸರಿಯಾಗಿ ಹಿಡಿಯದು, ಲೋಹವನ್ನೂ ತಿನ್ನುತ್ತದೆ. ಎಳೆಯುವ ಮೊದಲು ಶೀಟಿನ ಅಂಚಿನಲ್ಲಿ ರಕ್ಷಣೆಯ ಪ್ಲಾಸ್ಟಿಕ್ ಹಾಳೆಯನ್ನು ಎರಡಿಂಚು ಸುಲಿದಿರಬೇಕು. ಆತುರದಲ್ಲಿ ಹಾಳೆಯ ಮೇಲೇ ಸಿಲಿಕೋನ್ ಎಳೆದರೆ, ಹಾಳೆ ಕೀಳುವ ದಿನ ಸಿಲಿಕೋನೂ ಜೊತೆಗೇ ಬರುತ್ತದೆ. ಇದು ಆಗಾಗ ಕಾಣುವ ತಪ್ಪು, ಹೊಸ ಗೋಡೆ ತಿಂಗಳೊಳಗೆ ಸೋರಲು ಎಷ್ಟೋ ಸಲ ಇದಷ್ಟೇ ಕಾರಣ. ಸಂದಿನ ಎರಡೂ ಬದಿಗೆ ಪೇಂಟರ್ ಟೇಪ್ ಹಚ್ಚಿ, ಗ್ರೌಟಿನ ಬಣ್ಣದ ಸಿಲಿಕೋನ್ ತುಂಬಿ, ಸೋಪು ನೀರಿನ ಬೆರಳಿನಿಂದ ಒಮ್ಮೆ ಎಳೆದು, ಹಸಿಯಿರುವಾಗಲೇ ಟೇಪ್ ಕಿತ್ತರೆ ಗೆರೆ ಅಚ್ಚುಕಟ್ಟಾಗಿ ನಿಲ್ಲುತ್ತದೆ. ದಿನಕ್ಕೆ 2ರಿಂದ 3 ಮಿ.ಮೀ. ಆಳ ಮಾತ್ರ ಬಿಗಿಯುವುದರಿಂದ ಮೂರು ದಿನ ಆ ಬಚ್ಚಲಿಗೆ ಬೀಗ.

ಗೀಸರನ್ನು ಶೀಟಿಗೆ ನೇತುಹಾಕುವುದಲ್ಲ. 15 ಲೀಟರಿನದ್ದು ನೀರು ತುಂಬಿದಾಗ 20 ಕಿಲೋ ದಾಟುತ್ತದೆ. ಆ್ಯಂಕರ್ ಬೋಲ್ಟು ಇಟ್ಟಿಗೆ ಗೋಡೆಗೇ ಹಿಡಿಯಬೇಕು. ಶೀಟಿನ ತೂತು ಬೋಲ್ಟಿಗಿಂತ 3-4 ಮಿ.ಮೀ. ದೊಡ್ಡದಿರಲಿ, ಒಳಗೆ ಸಿಲಿಕೋನ್ ತುಂಬಿ. ಡ್ರಿಲ್ ಮಾಡುವಾಗ ಟೈಲ್ಸ್ ದಾಟುವವರೆಗೆ ಹ್ಯಾಮರ್ ಬೇಡ. ಅತ್ತೆಯವರಿಗೆಂದು ಹಿಡಿಗಂಬಿ ಹಾಕಿಸುವುದಾದರೆ, ಹಾಕಿಸಲೇಬೇಕು, ಈ ಮಾತು ಇನ್ನೂ ಮುಖ್ಯ. ಜಾಗವನ್ನು ಮೊದಲೇ ಗುರುತಿಸಿ, ಶೀಟಿನ ಹಿಂದೆ ಆ ಜಾಗಕ್ಕೆ ಟೊಳ್ಳಿಲ್ಲದಂತೆ ಅಂಟು ಒತ್ತೊತ್ತಾಗಿ ತುಂಬಿ, ಬೋಲ್ಟನ್ನು ಇಟ್ಟಿಗೆಯೊಳಗೆ ಇಳಿಸಿ. ಬರೀ ಶೀಟಿಗೆ ಸ್ಕ್ರೂ ಹಾಕಿದ ಗಂಬಿ ಇರುವುದಕ್ಕಿಂತ ಇಲ್ಲದಿರುವುದೇ ಮೇಲು.

ನೀವೇ ಮಾಡಬಹುದೇ ಎಂದು ಕೇಳಿದ್ದೀರಿ. ಪರೀಕ್ಷೆ, ಕೆರೆಯುವುದು, ತೊಳೆಯುವುದು, ಶೀಟ್ ಅಂಟಿಸುವುದು, ಸಿಲಿಕೋನ್: ಇಬ್ಬರು ತಾಳ್ಮೆಯಿಂದ ಕೂತರೆ ಆಗುವ ಕೆಲಸ. ಪೈಪು, ಗೀಸರ್ ಬೋಲ್ಟು, ನೆಲದ ಲೇಪ, ಮೇಲಿನ ಭಾಗದ ಗಾರೆ ಮೇಸ್ತ್ರಿ ಮತ್ತು ಪ್ಲಂಬರಿಗೆ ಬಿಡಿ. ಗಾರೆ ಆರುವುದು ಬಿಟ್ಟು ಲೆಕ್ಕ ಹಾಕಿದರೂ ಒಂದು ವಾರ ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಶುರು ಮಾಡಬೇಡಿ.

ಕೆಲಸ ಮುಗಿದ ಮೇಲೆ 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಇಲ್ಲದಿದ್ದರೆ ಹಾಕಿಸಿ. ಶೀಟ್ ಆವಿಯನ್ನು ಹೀರುವುದಿಲ್ಲ, ಅದೆಲ್ಲ ಸೂರಿಗೆ ಹೋಗಿ ಹನಿಯಾಗುತ್ತದೆ. ತೊಳೆಯಲು ಸೋಪುನೀರು, ಮೆತ್ತನೆ ಬಟ್ಟೆ ಸಾಕು. ಉಪ್ಪಿನ ಕಲೆಗೆ ನೀರು ಬೆರೆಸಿದ ವಿನೆಗರ್. ಹಸಿರು ಸ್ಕ್ರಬರ್, ಥಿನ್ನರ್, ಅಸಿಟೋನ್ ಮುಟ್ಟಿಸಬೇಡಿ. ಉಳಿದ ಶೀಟನ್ನು ಮಂಚದ ಕೆಳಗೆ ಸಪಾಟಾಗಿ ಇಡಿ, ಅದೇ ವಿನ್ಯಾಸ ಮುಂದೆ ಸಿಗದೆ ಹೋಗಬಹುದು.

ಮಲಗುವ ಕೋಣೆಯ ಗೋಡೆಗೆ ಕೂಡಲೇ ಬಣ್ಣ ಹೊಡೆಸಬೇಡಿ. ಸಡಿಲ ಗಾರೆ ಉದುರಿಸಿ, ಉಪ್ಪನ್ನು ಒಣ ಬ್ರಶ್ಶಿನಿಂದ ಕೊಡವುತ್ತಾ ಗೋಡೆಯನ್ನು ಬರಿದಾಗಿಯೇ ಬಿಡಿ, ಆರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನ ಬೀರು ಗೋಡೆಯಿಂದ ಅರ್ಧ ಅಡಿ ಈಚೆಗಿರಲಿ, ಪೆನ್ಸಿಲ್ ಗೆರೆ ಕಾಣುವಂತೆ.